ಹಾಡಿಗೆ 87, ಸಿನಿಮಾ ಮಾತಿಗೆ 62

ಶನಿವಾರ, 14 ಜೂನ್ 2025
ಮೈಸೂರು

ಬೆಳಿಗ್ಗೆ

ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕೋ ಬೇಡವೋ ಎಂದು ಹಾಡು ಹಾಕಿ ಪರೀಕ್ಷೆ ಮಾಡಿದರೆ ತಪ್ಪು ಉತ್ತರ ಸಿಗುತ್ತದೆ. ಸಿನಿಮಾ ಹಾಕಿ ನೋಡಬೇಕು, ಅದರಲ್ಲೂ ಪಿಸುಮಾತಿನ ದೃಶ್ಯ. ಫೋನಿನಲ್ಲಿ ಹಾಡು ಕಿವಿ ತುಂಬುವಷ್ಟು ಜೋರಾಗಿ ಬರುತ್ತದೆ. ಅದೇ ಫೋನು, ಅದೇ ಹೆಡ್‌ಫೋನಿನಲ್ಲಿ ಸಿನಿಮಾದ ಮಾತು ಎಷ್ಟು ಏರಿಸಿದರೂ ಸಾಲುವುದಿಲ್ಲ. ಇದಕ್ಕೆ ಕಾರಣ ಧ್ವನಿಮುದ್ರಣದ ಮಟ್ಟದಲ್ಲೇ ಇದೆ, ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ.

ಈಗಿನ ಸಿನಿಮಾ ಹಾಡುಗಳ ಸರಾಸರಿ ಮಟ್ಟ ಡಿಜಿಟಲ್‌ನ ಗರಿಷ್ಠ ಮಿತಿಗಿಂತ ಸುಮಾರು 10 ಡೆಸಿಬಲ್ ಕೆಳಗೆ ಇರುತ್ತದೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸಮ ಮಾಡಿ 14 ಡೆಸಿಬಲ್ ಕೆಳಗೆ ತಂದು ನಿಲ್ಲಿಸುತ್ತದೆ. ಸಿನಿಮಾದಲ್ಲಿ ಹಾಗಲ್ಲ. ನೆಟ್‌ಫ್ಲಿಕ್ಸ್ ತನಗೆ ಬರುವ ಚಿತ್ರಗಳಲ್ಲಿ ಸಂಭಾಷಣೆಯ ಸರಾಸರಿ 27 ಡೆಸಿಬಲ್ ಕೆಳಗೆ ಇರಬೇಕೆಂದು ನಿಯಮ ಮಾಡಿದೆ, 2 ಡೆಸಿಬಲ್ ಆಚೀಚೆ ಆದರೆ ಅಡ್ಡಿಯಿಲ್ಲ. ಮೇಲೆ ಉಳಿದ ಜಾಗವೆಲ್ಲ ಗುಡುಗು, ಗುಂಡು, ಹಿನ್ನೆಲೆ ಸಂಗೀತಕ್ಕೆ ಮೀಸಲು. ಅಂದರೆ ನಾಬ್ ಮುಟ್ಟದೆ ಹಾಡಿನಿಂದ ಸಿನಿಮಾಕ್ಕೆ ಬಂದರೆ ಮಾತು 13ರಿಂದ 17 ಡೆಸಿಬಲ್ ಇಳಿಯುತ್ತದೆ. 13 ಡೆಸಿಬಲ್ ಎಂದರೆ ವೋಲ್ಟೇಜಿನಲ್ಲಿ ನಾಲ್ಕೂವರೆ ಪಟ್ಟು, ಶಕ್ತಿಯಲ್ಲಿ 20 ಪಟ್ಟು.

ಇಷ್ಟಕ್ಕೇ ಮುಗಿಯಲಿಲ್ಲ. 5.1 ಚಾನೆಲ್‌ನ (ಮುಂದೆ ಎಡ, ನಡು, ಬಲ, ಹಿಂದೆ ಎರಡು, ಮಂದ್ರಕ್ಕೆ ಒಂದು) ಫೈಲನ್ನು ಕಂಪ್ಯೂಟರಿನಲ್ಲಿ ಎರಡು ಚಾನೆಲ್ಲಿಗೆ ಇಳಿಸುವಾಗ ಎಡ ಮುಂಭಾಗಕ್ಕೆ ನಡುವಿನ ಚಾನೆಲ್ಲಿನ 0.707 ಪಾಲು, ಹಿಂದಿನ ಚಾನೆಲ್ಲಿನ 0.707 ಪಾಲು ಸೇರಿಸುತ್ತಾರೆ. ಮೂರೂ ಒಟ್ಟಿಗೆ ಗರಿಷ್ಠಕ್ಕೆ ಬಂದರೆ 2.414 ಆಗಿ ಧ್ವನಿ ಒಡೆಯುತ್ತದೆ. ಅದನ್ನು ತಪ್ಪಿಸಲು ಕೆಲವು ಪ್ಲೇಯರ್‌ಗಳು ಮೊದಲೇ ಎಲ್ಲವನ್ನೂ 2.414ರಿಂದ ಭಾಗಿಸಿಬಿಡುತ್ತವೆ. ಅಲ್ಲಿಗೆ ಇನ್ನೂ 7.7 ಡೆಸಿಬಲ್ ಹೋಯಿತು.

ಹೆಡ್‌ಫೋನ್ ಕಡೆಯ ಲೆಕ್ಕ ಇನ್ನೂ ಸುಲಭ. 1 ವೋಲ್ಟ್ ಕೊಟ್ಟರೆ ಎಷ್ಟು ಡೆಸಿಬಲ್ ಎಂಬ ಒಂದೇ ಸಂಖ್ಯೆ ಸಾಕು. ಸೆನ್‌ಹೈಸರ್ ಎಚ್‌ಡಿ 650ಕ್ಕೆ ಕಂಪನಿಯೇ 103 ಎಂದು ಬರೆದಿದೆ. ಹೆಚ್ಚಿನವರು 1 ಮಿಲಿವ್ಯಾಟ್‌ಗೆ ಇಷ್ಟು ಎಂದು ಕೊಡುತ್ತಾರೆ, ಅದನ್ನು ಬದಲಾಯಿಸಿಕೊಳ್ಳಬೇಕು: 1000ವನ್ನು ಹೆಡ್‌ಫೋನಿನ ಓಮ್‌ನಿಂದ (ಅದು ಕರೆಂಟಿಗೆ ಒಡ್ಡುವ ತಡೆ) ಭಾಗಿಸಿ, ಬಂದದ್ದರ ಲಾಗ್ ತೆಗೆದು 10ರಿಂದ ಗುಣಿಸಿ, ಮೂಲ ಸಂಖ್ಯೆಗೆ ಕೂಡಿಸಿ. ಹೈಫೈಮ್ಯಾನ್ ಎಚ್‌ಇ400ಎಸ್‌ಇ 25 ಓಮ್, 91 ಡೆಸಿಬಲ್. 16 ಕೂಡಿಸಿದರೆ 107. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 96 ಡೆಸಿಬಲ್. 250 ಓಮ್‌ನದಕ್ಕೆ 102, 80 ಓಮ್‌ನದಕ್ಕೆ 107. ಆಡಿಯೊ ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ 38 ಓಮ್, 99 ಡೆಸಿಬಲ್, 113.

ಈಗ ಅರ್ಧ ವೋಲ್ಟ್ ಕೊಡುವ ಒಂದು ಸಾಧಾರಣ ಜಾಕಿಗೆ ಎಚ್‌ಡಿ 650 ಸಿಕ್ಕಿಸಿ. ವೋಲ್ಟೇಜ್ ಅರ್ಧವಾದರೆ 6 ಡೆಸಿಬಲ್ ಕಳೆಯಬೇಕು: ಗರಿಷ್ಠ 97. ಹಾಡಿನ ಸರಾಸರಿ 87, ಬೇಕಾದ್ದಕ್ಕಿಂತ ಜಾಸ್ತಿಯೇ. ಸಿನಿಮಾದ ಮಾತು 97ರಲ್ಲಿ 27 ಹೋದರೆ 70; 5.1 ಇಳಿಸಿದ್ದಾದರೆ 62. ಪಿಸುಮಾತು ಅದಕ್ಕಿಂತ 15 ಡೆಸಿಬಲ್ ಕೆಳಗಿರುತ್ತದೆ, 47. ಸೀಲಿಂಗ್ ಫ್ಯಾನ್ ನಾಲ್ಕರಲ್ಲಿ ತಿರುಗುತ್ತಿರುವ ಕೋಣೆಯ ಸದ್ದೂ ಹೆಚ್ಚುಕಡಿಮೆ ಅಷ್ಟೇ. ಎಚ್‌ಡಿ 650 ಹಿಂಬದಿ ತೆರೆದ ಹೆಡ್‌ಫೋನು, ಫ್ಯಾನಿನ ಸದ್ದು ನೇರ ಕಿವಿಗೆ ಬರುತ್ತದೆ. ಮಾತು ಅದರಲ್ಲಿ ಕರಗಿಹೋಗುತ್ತದೆ.

ಅದೇ ಜಾಕಿಗೆ ಎಂ50ಎಕ್ಸ್ ಹಾಕಿದರೆ ಮಾತು 80, ಇಳಿಸಿದ್ದಾದರೆ 72. ಮೇಲಾಗಿ ಅದು ಮುಚ್ಚಿದ ಹೆಡ್‌ಫೋನು, ಫ್ಯಾನಿನ ಸದ್ದು ಹೊರಗೇ ತಡೆಯುತ್ತದೆ. ಆಂಪ್ಲಿಫೈಯರಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಹಗಲು ಹೊತ್ತು, ರಸ್ತೆ ಬದಿಯ ಮನೆ, ಫ್ಯಾನ್ ಇಲ್ಲದೆ ಕೂರಲಾಗದ ಸೆಖೆ, ಇವಿದ್ದವರಿಗೆ ಮುಚ್ಚಿದ ಹೆಡ್‌ಫೋನೇ ಸರಿ. ಡಿಟಿ 770 ಇಷ್ಟವಾದರೆ 80 ಓಮ್‌ನದನ್ನು ಕೊಳ್ಳಿ. 250 ಓಮ್ ಎಂದರೆ ಮೇಲ್ದರ್ಜೆಯದು ಎಂಬ ಮಾತು ಅಂಗಡಿಗಳಲ್ಲಿ ಹಬ್ಬಿದೆ. ಫೋನು, ಲ್ಯಾಪ್‌ಟಾಪಿಗೆ ಅದು 5 ಡೆಸಿಬಲ್ ನಷ್ಟದ ವ್ಯವಹಾರ.

ರಾತ್ರಿ ಹತ್ತರ ಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕುಳಿತು ವೀಣೆ, ಪಿಟೀಲು, ಗಾಯನ ಕೇಳುವವರು ಎಚ್‌ಡಿ 650 ಬಿಟ್ಟು ಬೇರೆ ಹುಡುಕಬೇಕಿಲ್ಲ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಕಂಠದ ಸಹಜತೆಯಲ್ಲಿ ಅದನ್ನು ಮೀರಿಸುವುದು ಕಷ್ಟ, 260 ಗ್ರಾಂ ತೂಕ ಮೂರು ಗಂಟೆಯ ಸಂಗೀತ ಕಚೇರಿಗೂ ಭಾರವೆನಿಸುವುದಿಲ್ಲ. ಎಚ್‌ಇ400ಎಸ್‌ಇಯಲ್ಲಿ ಮೃದಂಗದ ಎಡಗಡೆಯ ಗುಂಕಾರ ಇನ್ನೂ ಆಳಕ್ಕೆ ಇಳಿಯುತ್ತದೆ, ಆದರೆ ತೂಕ 390 ಗ್ರಾಂ. ಮಧ್ಯಂತರದ ಹೊತ್ತಿಗೆ ನೆತ್ತಿ ನೋಯತೊಡಗುತ್ತದೆ. ಕಚೇರಿಯ ನೇರ ಧ್ವನಿಮುದ್ರಣಗಳೂ ಸಿನಿಮಾದಂತೆಯೇ: ತನಿ ಆವರ್ತನದ ಪೆಟ್ಟಿಗೆ ಜಾಗ ಬಿಟ್ಟು ಮುದ್ರಿಸಿರುವುದರಿಂದ ಆಲಾಪನೆ ಬಹಳ ಕೆಳಗಿನ ಮಟ್ಟದಲ್ಲಿರುತ್ತದೆ. ಅಂಥವುಗಳಿಗೂ ಆಂಪ್ಲಿಫೈಯರ್ ಬೇಕಾಗುತ್ತದೆ.

ಮಧ್ಯಾಹ್ನ

ಯಾವ ಆಂಪ್ಲಿಫೈಯರ್? ಪೆಟ್ಟಿಗೆಯ ಮೇಲಿನ ದೊಡ್ಡ ಮಿಲಿವ್ಯಾಟ್ ಸಂಖ್ಯೆ ಸಾಮಾನ್ಯವಾಗಿ 32 ಓಮ್ ಅಥವಾ ಅದಕ್ಕೂ ಕಡಿಮೆ ಓಮ್‌ಗೆ ಅಳೆದದ್ದು. ಎಚ್‌ಡಿ 650ಕ್ಕೆ ಬೇಕಾದದ್ದು ವೋಲ್ಟೇಜ್. 4 ವೋಲ್ಟ್ ಸಿಕ್ಕರೆ ಗರಿಷ್ಠ 115, ಇಳಿಸಿದ ಸಿನಿಮಾದ ಮಾತು 80; ಇದಕ್ಕೆ 300 ಓಮ್‌ನಲ್ಲಿ ತಗಲುವುದು ಬರೀ 53 ಮಿಲಿವ್ಯಾಟ್, 13 ಮಿಲಿಆಂಪಿಯರ್. ಹಾಗಾಗಿ ವಿವರಪಟ್ಟಿಯಲ್ಲಿ 300 ಓಮ್‌ನ ಸಾಲಿನಲ್ಲಿ 50 ಮಿಲಿವ್ಯಾಟ್ ಇದೆಯೇ ನೋಡಿ, ಉಳಿದ ಸಾಲುಗಳನ್ನೆಲ್ಲ ಬಿಡಿ. ಎಚ್‌ಇ400ಎಸ್‌ಇಯ ಬೇಡಿಕೆ ಬೇರೆ. ಅದಕ್ಕೆ 2 ವೋಲ್ಟ್ ಸಾಕು, ಆದರೆ 25 ಓಮ್ ಆದ್ದರಿಂದ 80 ಮಿಲಿಆಂಪಿಯರ್ ಎಳೆಯುತ್ತದೆ, 160 ಮಿಲಿವ್ಯಾಟ್. ಕರೆಂಟು ಕೊಡಲಾಗದ ಜಾಕಿನಲ್ಲಿ ಜೋರು ಮಾಡಿದಾಗ ಮೊದಲು ತಾಳವಾದ್ಯದ ಪೆಟ್ಟು ಗರಗರ ಎನ್ನುತ್ತದೆ. ಆಪಲ್‌ನ ಯುಎಸ್‌ಬಿ-ಸಿ ಚಿಕ್ಕ ಅಡಾಪ್ಟರ್ 1 ವೋಲ್ಟ್ ಕೊಡುತ್ತದೆ (ಯುರೋಪಿನಲ್ಲಿ ಮಾರುವುದು ಅರ್ಧ ವೋಲ್ಟಿನದು, ಅಲ್ಲಿಂದ ತರಿಸಬೇಡಿ). ಬಹಳ ಜನರಿಗೆ ಅಷ್ಟರಲ್ಲೇ ಕೆಲಸ ಆಗಿಬಿಡುತ್ತದೆ. ಲೆಕ್ಕ ಹಾಕಿದ ಮೇಲೆ ದೊಡ್ಡ ಪೆಟ್ಟಿಗೆ ಕೊಳ್ಳುವ ಯೋಚನೆ ಮಾಡಿ.

ಮನೆಯಲ್ಲಿ ಈಗಾಗಲೇ ಹೋಂ ಥಿಯೇಟರ್ ರಿಸೀವರ್ ಇದ್ದರೆ ಅದರ ಹೆಡ್‌ಫೋನ್ ಜಾಕನ್ನು ಹುಷಾರಾಗಿ ಬಳಸಬೇಕು. ಅನೇಕ ರಿಸೀವರ್‌ಗಳಲ್ಲಿ ಸ್ಪೀಕರಿಗೆ ಹೋಗುವ ಆಂಪ್ಲಿಫೈಯರಿನಿಂದಲೇ ಒಂದು ದೊಡ್ಡ ರೆಸಿಸ್ಟರ್ ಮೂಲಕ ಜಾಕಿಗೆ ತಂದಿರುತ್ತಾರೆ. 120 ಓಮ್ ಇದೆ ಎಂದಿಟ್ಟುಕೊಳ್ಳೋಣ. ಎಚ್‌ಡಿ 650ರ ಓಮ್ ಎಲ್ಲ ಸ್ವರಕ್ಕೂ 300 ಇರುವುದಿಲ್ಲ, ಮಂದ್ರದಲ್ಲಿ ಸುಮಾರು 500ಕ್ಕೆ ಏರುತ್ತದೆ. ಆದ್ದರಿಂದ ಅಲ್ಲಿ ನಷ್ಟ ಕಡಿಮೆ, ಉಳಿದೆಡೆ ಹೆಚ್ಚು. ಮಂದ್ರ 1 ಡೆಸಿಬಲ್‌ನಷ್ಟು ಉಬ್ಬುತ್ತದೆ. ಅಷ್ಟನ್ನು ಸಹಿಸಬಹುದು, ಕೆಲವರಿಗೆ ಇಷ್ಟವೂ ಆದೀತು. ಅದೇ ಜಾಕಿಗೆ 25 ಓಮ್‌ನ ಎಚ್‌ಇ400ಎಸ್‌ಇ ಹಾಕಿದರೆ ನಾದ ಬದಲಾಗುವುದಿಲ್ಲ, ಆದರೆ 15 ಡೆಸಿಬಲ್ ರೆಸಿಸ್ಟರಿನಲ್ಲೇ ಸುಟ್ಟುಹೋಗುತ್ತದೆ. ಒಳಗೆ ಹಲವು ಪುಟ್ಟ ಡ್ರೈವರ್‌ಗಳಿರುವ ಇಯರ್‌ಫೋನ್ ಹಾಕಿದರೆ ನಾದವೇ ಕೆಡುತ್ತದೆ. ಜಾಕಿನ ಓಮ್ ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗ ಮೀರದಿದ್ದರೆ ಈ ತೊಂದರೆ ಯಾವುದೂ ಇಲ್ಲ.

ಅಮೆರಿಕದಲ್ಲಿರುವ ಮಗಳೋ ಭಾವನೋ ಬರುವಾಗ ಆಂಪ್ಲಿಫೈಯರ್ ತರಿಸುವವರಿಗೆ ಒಂದು ಎಚ್ಚರಿಕೆ. ಶೀಟ್ ಮ್ಯಾಗ್ನಿ, ಜೆಡಿಎಸ್ ಲ್ಯಾಬ್ಸ್ ಆಟಂ ಥರದವು ಗೋಡೆಗೆ ಸಿಕ್ಕಿಸುವ ಟ್ರಾನ್ಸ್‌ಫಾರ್ಮರ್ ಜೊತೆಗೆ ಬರುತ್ತವೆ. ಅಲ್ಲಿನದು 120 ವೋಲ್ಟಿನದಾದರೆ ಇಲ್ಲಿನ 230ಕ್ಕೆ ಹಾಕಿದೊಡನೆ ಸುಟ್ಟು ವಾಸನೆ ಬರುತ್ತದೆ. ಫೋನ್ ಚಾರ್ಜರಿನಂತೆ 100ರಿಂದ 240ರವರೆಗೆ ತಾನೇ ಹೊಂದಿಕೊಳ್ಳುವ ಜಾತಿಯಲ್ಲ ಅದು. ಬದಲಿಗೆ ಇಲ್ಲಿನ ಸಾಮಾನ್ಯ ಡಿಸಿ ಅಡಾಪ್ಟರ್ ಹಾಕಿದರೂ ನಡೆಯದು, ಆ ಯಂತ್ರಕ್ಕೆ ಬೇಕಾದದ್ದು ಎಸಿ. ಆರ್ಡರ್ ಮಾಡುವಾಗಲೇ 230 ವೋಲ್ಟಿನ ಅಡಾಪ್ಟರ್ ಕೇಳಿ ಪಡೆಯಿರಿ.

ಗುಯ್‌ಗುಟ್ಟುವ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ತೊಂದರೆ ಅರ್ಥಿಂಗಿನದು. ಎರಡು ಪಿನ್ನಿನ ಚಾರ್ಜರಿನಿಂದ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದೂ ಇದರ ನೆಂಟನೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನ ಮೂರು ಪಿನ್ನಿನ ಸಾಕೆಟ್ಟಿಗೆ ತನ್ನಿ, ಆ ಸಾಕೆಟ್ಟಿನಲ್ಲಿ ಅರ್ಥ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಆಗಲೂ ಹೋಗದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹರಿಯುವುದು ಬೆಳಕು, ಅರ್ಥ್ ಸುತ್ತು ಅಲ್ಲಿಗೆ ತುಂಡಾಗುತ್ತದೆ.

ಟಿವಿಯಿಂದ ಆಪ್ಟಿಕಲ್ ತೆಗೆದುಕೊಂಡರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿರಲಿ. ಡಾಲ್ಬಿ ಎಂದಿದ್ದರೆ ಸಾಮಾನ್ಯ ಡ್ಯಾಕ್‌ಗೆ (ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಹೊಂದುವ ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಪೆಟ್ಟಿಗೆ) ಅದು ಅರ್ಥವಾಗದೆ ಮೌನ ಅಥವಾ ಕರಕರ ಸದ್ದು. ಹಾಡು ಸರಿಯಾಗಿ ಬಂದು ಸಿನಿಮಾದಲ್ಲಿ ಮಾತ್ರ ಸಂಭಾಷಣೆ ಪೂರ್ತಿ ಮಾಯವಾದರೆ ಕಂಪ್ಯೂಟರು ಆರು ಸ್ಪೀಕರ್ ಇವೆ ಎಂದು ನಂಬಿ ಕುಳಿತಿದೆ. ಮಾತೆಲ್ಲ ಇಲ್ಲದ ನಡು ಸ್ಪೀಕರಿಗೆ ಹೋಗುತ್ತಿದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಯೊ ಆಯ್ಕೆ ಮಾಡಿ. ಕೋಡಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಚಾನೆಲ್ 2.0 ಮಾಡಿದರೆ, ಇಳಿಸುವಾಗ ನಡು ಚಾನೆಲ್ಲನ್ನು ಎತ್ತುವ ಆಯ್ಕೆಯೂ ಸಿಗುತ್ತದೆ. ಪಿಸುಮಾತಿಗೆ ಅದು ದೊಡ್ಡ ಉಪಕಾರ.

ಬ್ಲೂಟೂತ್ ಬಗ್ಗೆ ಎರಡೇ ಮಾತು. ಧ್ವನಿ ಚಿತ್ರಕ್ಕಿಂತ 125 ಮಿಲಿಸೆಕೆಂಡ್ ತಡವಾದರೆ ತುಟಿ ಹೊಂದದಿರುವುದು ಕಣ್ಣಿಗೆ ಗೊತ್ತಾಗುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಗುರುತಿಸಿದೆ. ಬ್ಲೂಟೂತಿನ ಸಾಮಾನ್ಯ ಧ್ವನಿ ಸಂಕೇತ ಪದ್ಧತಿಯಾದ ಎಸ್‌ಬಿಸಿಯಲ್ಲಿ ತಡ 150 ಮೀರುವುದು ಮಾಮೂಲು. ಫೋನಿನ ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತವೆ, ಎಲ್ಲ ಟಿವಿಗಳೂ ಹಾಗೆ ಮಾಡುವುದಿಲ್ಲ. ತಂತಿಯೇ ನೆಮ್ಮದಿ.

ರಾತ್ರಿ

ಎಚ್‌ಡಿ 650ರಲ್ಲಿ ಸಿನಿಮಾದ ಗುಡುಗು ತೆಳುವೆನಿಸಿದರೆ ವಿಂಡೋಸ್ ಕಂಪ್ಯೂಟರಿಗೆ ಈಕ್ವಲೈಸರ್ ಎಪಿಒ ಎಂಬ ತಂತ್ರಾಂಶ ಹಾಕಿ 105 ಹರ್ಟ್ಸ್‌ನಲ್ಲಿ 5 ಡೆಸಿಬಲ್ ಲೋ ಶೆಲ್ಫ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ಎತ್ತುವುದು) ಕೊಡಿ, ಪ್ರಿಆಂಪ್ (ಒಟ್ಟು ಮಟ್ಟ) ಮೈನಸ್ 5 ಇಡಿ. ಪ್ರಿಆಂಪ್ ಇಳಿಸದಿದ್ದರೆ ಜೋರು ದೃಶ್ಯದಲ್ಲಿ ಧ್ವನಿ ಒಡೆಯುತ್ತದೆ. ಇಳಿಸಿದಿರೆಂದರೆ ಒಟ್ಟು ಮಟ್ಟದಲ್ಲಿ ಮತ್ತೆ 5 ಡೆಸಿಬಲ್ ಹೋಯಿತು. ಬೆಳಿಗ್ಗೆಯ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ. ಮುಚ್ಚಿದ ಹೆಡ್‌ಫೋನಿನಲ್ಲಿ ಮಂದ್ರ ಕಡಿಮೆಯಾದರೆ ಈಕ್ವಲೈಸರ್ ಮುಟ್ಟುವ ಮೊದಲು ಕನ್ನಡಕ ತೆಗೆದು ಕೇಳಿ. ಕನ್ನಡಕದ ಕಾಲು ಪ್ಯಾಡನ್ನು ಎತ್ತಿ ಹಿಡಿದು ಸಂದು ಮಾಡುತ್ತದೆ, ಮಂದ್ರ ಆ ಸಂದಿನಲ್ಲಿ ಸೋರಿಹೋಗುತ್ತದೆ. ತೆಳು ಕಾಲಿನ ಕನ್ನಡಕ, ಮೆತ್ತನೆಯ ಪ್ಯಾಡ್ ಇದಕ್ಕೆ ಮದ್ದು. ಮಂಗಳೂರು, ಕಾರವಾರದ ಕಡೆಯವರು ಕೃತಕ ಚರ್ಮದ ಪ್ಯಾಡ್ ಬದಲು ಬಟ್ಟೆಯದನ್ನೋ ಮಖಮಲ್ಲಿನಂಥ ವೆಲೂರನ್ನೋ ಆರಿಸಿಕೊಳ್ಳುವುದು ಲೇಸು. ಬೆವರು, ಉಪ್ಪುಗಾಳಿಗೆ ಕೃತಕ ಚರ್ಮ ಬೇಗ ಸಿಪ್ಪೆ ಏಳುತ್ತದೆ.

ಆಂಪ್ಲಿಫೈಯರಿನ ಗೇನ್ (ಧ್ವನಿಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕೆಂಬ ಸ್ವಿಚ್ಚು) ಮೊದಲು ಕೆಳಗಿನದರಲ್ಲೇ ಇರಲಿ. ನಾಬ್ ಒಂಬತ್ತು ಗಂಟೆಯ ಜಾಗಕ್ಕಿಂತ ಕೆಳಗಿದ್ದಾಗ ಎಡಬಲ ಸಮ ಇರುವುದಿಲ್ಲ, ಅಗ್ಗದ ನಾಬ್‌ಗಳೆಲ್ಲ ಹಾಗೆಯೇ. ಗೇನ್ ತಗ್ಗಿಸಿದರೆ ನಾಬ್ ಹನ್ನೊಂದರಿಂದ ಎರಡು ಗಂಟೆಯ ಮಧ್ಯೆ ಬಂದು ನಿಲ್ಲುತ್ತದೆ, ಗಾಯಕಿಯ ದನಿ ನೆತ್ತಿಯ ನಡುವಿಗೆ ಬರುತ್ತದೆ. ಕೆಳಗಿನ ಗೇನ್‌ನಲ್ಲಿ 2 ವೋಲ್ಟ್ ಬಂದರೆ ಎಚ್‌ಡಿ 650ರಲ್ಲಿ ನಾಬ್ ಪೂರ್ತಿ ತಿರುಗಿಸಿದಾಗ ಇಳಿಸಿದ ಸಿನಿಮಾದ ಮಾತು 74, ಹೆಚ್ಚಿನವರಿಗೆ ಅದೇ ಹಿತ.

ಸಿನಿಮಾ ಮುಗಿದು ಅದೇ ಜಾಗದಲ್ಲಿ ನಾಬ್ ಬಿಟ್ಟು ಒಂದು ಹಾಡು ಹಾಕಿದರೆ ಸರಾಸರಿಯೇ 99 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬಲ್. ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತದೆ, 99ಕ್ಕೆ ವಾರಪೂರ್ತಿ ಸಿಗುವುದು ಅರ್ಧ ಗಂಟೆ. ಆದ್ದರಿಂದ ಚಿತ್ರದ ಕೊನೆಯ ಹೆಸರುಗಳು ಬರುತ್ತಿರುವಾಗಲೇ ನಾಬ್ ಸೊನ್ನೆಗೆ ತನ್ನಿ, ಹಾಡು ಶುರುವಾದ ಮೇಲೆ ಅಲ್ಲಿಂದ ಮೆಲ್ಲಗೆ ಏರಿಸಿ.