ಮಾಗಡಿ ಕೆರೆಯಲ್ಲಿ ಕುರಿಗಳ ಹಿಂದೆ

ಮಾಗಡಿ ಅಂದಕೂಡಲೆ ಬೆಂಗಳೂರು ಕಡೆಯವರಿಗೆ ಕೆಂಪೇಗೌಡರ ಊರು ನೆನಪಾಗುತ್ತದೆ. ಇದು ಆ ಮಾಗಡಿ ಅಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು, ಗದಗದಿಂದ 26 ಕಿ.ಮೀ. ದೂರ. ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳ ಪಾಲಾಗುತ್ತದೆ. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೂ, ಸೇರಿತು. ಅದಕ್ಕೂ ಮೊದಲು ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ.

ಹುಬ್ಬಳ್ಳಿಯಿಂದ ಕತ್ತಲಲ್ಲೇ ಹೊರಟು ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲಿದ್ದೆವು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಗುಂಪುಗುಂಪಾಗಿ ವಾಪಸು ಬರುತ್ತಿದ್ದವು. ಮೊದಲು ಕೂಗು ಕೇಳುತ್ತದೆ, ಹಕ್ಕಿ ಕಾಣುವುದು ಆಮೇಲೆ. ಹಿಮಾಲಯವನ್ನು 7,000 ಮೀಟರಿಗೂ ಮೇಲೆ ಹಾರಿ ದಾಟಬಲ್ಲ ಹಕ್ಕಿ ಇದು. ಮಂಗೋಲಿಯಾದಲ್ಲಿ ಗುರುತಿಗೆಂದು ಕೊರಳಪಟ್ಟಿ ಹಾಕಿಸಿಕೊಂಡವು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಷ್ಟೆಲ್ಲ ದಾಟಿ ಬಂದದ್ದು ಏರಿಯ ಮೇಲಿನ ಒಬ್ಬ ಮನುಷ್ಯನಿಗೆ ಹೆದರಿ ಹಾರಿಬಿಡುತ್ತದೆ.

ನನ್ನ ಜೊತೆಗಿದ್ದ ಗೆಳೆಯ ಎಲೆ ಚಿತ್ತಾರದ ಅಂಗಿ, ಟೊಪ್ಪಿಗೆ, ಲೆನ್ಸಿಗೂ ಅಂಥದ್ದೇ ಹೊದಿಕೆ ತಂದಿದ್ದ. ಈ ವೇಷದ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಹಸಿರು ಎಲೆಗಳ ಅಂಗಿ ಗದಗದ ಎರೆಮಣ್ಣಿನ ಮೇಲೆ ಯಾವ ಮರೆ ಕೊಟ್ಟೀತು? ಅವನು ಬಗ್ಗಿ, ಆಮೇಲೆ ತೆವಳುತ್ತ ನೀರಿನ ಕಡೆ ಹೋದ. ಹಿಂಡಿನ ಅಂಚಿನಲ್ಲಿದ್ದ ಒಂದೆರಡು ಹಕ್ಕಿ ಮೇಯುವುದು ಬಿಟ್ಟು ಕುತ್ತಿಗೆ ನೆಟ್ಟಗೆ ಮಾಡಿದವು. ಮರುಗಳಿಗೆ ಉಳಿದವೂ ಹಾಗೇ ನಿಂತವು. ಇನ್ನೊಂದು ಹೆಜ್ಜೆಗೆ ಇಡೀ ಹಿಂಡು ಎದ್ದು ಕೆರೆಯ ಆಚೆ ದಡಕ್ಕೆ ಹೋಯಿತು. ಮೆಟ್ಟುಗಾಲು ಹಕ್ಕಿಗಳೂ ಚೀರುತ್ತ ಅವುಗಳ ಬೆನ್ನು ಹತ್ತಿದವು.

ಇದನ್ನೆಲ್ಲ ನೋಡುತ್ತ ಕುರಿ ಮೇಯಿಸುವ ಅಜ್ಜ ಒಬ್ಬ ಕೋಲಿಗೆ ಗದ್ದ ಆನಿಸಿ ನಿಂತಿದ್ದ.

"ಅವ ಯಾಕ ಹಂಗ ಹೊಟ್ಟಿ ಎಳಕೊಂಡ ಹೊಂಟಾನ?"

"ಹಕ್ಕಿಗೆ ಕಾಣಬಾರ್ದಂತ, ಅಜ್ಜಾ."

"ಕಾಣಂಗಿಲ್ಲೇನು? ನರಿ ಹಂಗ ಬರೋದು. ಅವಕ್ಕ ಗೊತ್ತಿಲ್ಲೇನು?"

ನನಗೆ ನಗು ಬಂತು, ಅವನಿಗೆ ಬರಲಿಲ್ಲ. "ನಾ ದಿನಾ ಇಲ್ಲೇ ಇರತೀನಿ. ನನ್ನ ಕಂಡು ಒಂದೂ ಏಳಂಗಿಲ್ಲ. ನೀವು ಅವನ್ನ ನೋಡಕೋತ ಹೋಗತೀರಿ. ನಾ ಕುರಿ ನೋಡಕೋತ ಹೋಗತೀನಿ."

"ಹಂಗಾರ ನಾನೂ ಕುರಿ ನೋಡಕೋತ ಬರಲಿ?"

"ಬಾ. ಆದ್ರ ಆ ತೋಪ ಅವುಗಳ ಕಡೆ ಹಿಡಿಬ್ಯಾಡ, ಕೂಡೋತನಕಾ."

ತೋಪು ಅಂದರೆ ನನ್ನ ಲೆನ್ಸು. ಅದನ್ನು ನೆಲದ ಕಡೆ ತಿರುಗಿಸಿ ಕುರಿಗಳ ಹಿಂದೆ ನಡೆದೆ. ನೇರವಾಗಿ ಅಲ್ಲ, ಕುರಿ ಹುಲ್ಲು ಕಂಡತ್ತ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಆಚೆ ದಡ ತಲುಪುವಷ್ಟರಲ್ಲಿ ಅಜ್ಜ ಮಳೆ, ಶೇಂಗಾ ರೇಟು, ಮೊಮ್ಮಗನ ಕಾಲೇಜು ಎಲ್ಲ ಮುಗಿಸಿದ್ದ. ಹೆಬ್ಬಾತು ಬೆಳೆ ತಿನ್ನುವುದಿಲ್ಲವೇ ಅಂತ ಕೇಳಿದೆ. "ತಿಂತಾವ. ತಿಂದು ಹಿಕ್ಕಿನೂ ಹಾಕತಾವಲ್ಲ" ಅಂದ. ಕುರಿ ಕಾಯುವವನ ಲೆಕ್ಕ ಹಾಗೆ. ಹೊಲದವರನ್ನು ಕೇಳಿದ್ದರೆ ಬೇರೆ ಮಾತು ಬರುತ್ತಿತ್ತೋ ಏನೋ.

ಕೊನೆಗೆ ಕುರಿಗಳ ನಡುವೆ ಕೂತೆ. ಹಕ್ಕಿಗಳು ಕೊಕ್ಕಿನಿಂದ ಗರಿ ತಿದ್ದಿಕೊಳ್ಳುತ್ತಲೇ ಇದ್ದವು. ಬಿಳಿ ತಲೆಯ ಹಿಂದಿನ ಎರಡು ಕರಿ ಪಟ್ಟೆ, ಕಿತ್ತಳೆ ಕೊಕ್ಕು, ಎಲ್ಲ ಬರಿಗಣ್ಣಿಗೇ ಕಾಣುವಷ್ಟು ಹತ್ತಿರ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾಕ್ಕೆ ಬೀಳುವ ಬೆಳಕು, ಸ್ವಲ್ಪ ಇಳಿಸಿದೆ, ಇಲ್ಲದಿದ್ದರೆ ಎಳೆಬಿಸಿಲಿಗೂ ಆ ಬಿಳಿ ತಲೆ ಸುಣ್ಣ ಬಳಿದಂತೆ ಬಂದು ಗರಿಯ ಗೆರೆಗಳೇ ಮಾಯ.

ಅಷ್ಟರಲ್ಲಿ ಒಂದು ಕಾರು ಏರಿ ಮೇಲೇ ಬಂತು. ಇಳಿದವರ ಕೈಯಲ್ಲಿ ನನ್ನದಕ್ಕಿಂತ ದುಬಾರಿ ಕ್ಯಾಮೆರಾಗಳು. ಹಾರುವ ಫೋಟೋ ಬೇಕಿತ್ತಂತೆ, ಒಬ್ಬ ಹಾರ್ನ್ ಒತ್ತಿದ, ಇನ್ನೊಬ್ಬ ಚಪ್ಪಾಳೆ ತಟ್ಟಿದ. ಕೆರೆ ಖಾಲಿ. ನೆನಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಹೋಗುವವರಿಗೆ ಹೇಳುವುದಿಷ್ಟೇ: ಗಾಡಿ ದೂರ ನಿಲ್ಲಿಸಿ, ಹಾರುವ ಫೋಟೋ ಬೇಕಿದ್ದರೆ ಸಂಜೆ ಅವು ತಾವಾಗಿಯೇ ಮೇಯಲು ಹೊರಡುವ ತನಕ ಕಾಯಿರಿ. ಗಾಳಿಗೆ ಎದುರಾಗಿ ಏಳುತ್ತವೆ, ಹಾಗಾಗಿ ಗಾಳಿ ನಿಮ್ಮ ಬೆನ್ನಿಗಿದ್ದರೆ ಮುಖ ಸಿಗುತ್ತದೆ. ಬೆಳಗಿನದಾದರೆ ಬಿಸಿಲೇರುವ ಮೊದಲೇ ಮುಗಿಸಿ. ಆಮೇಲೆ ನೆಲದಿಂದ ಜಳ ಏಳುತ್ತದೆ. ಎಷ್ಟು ಲಕ್ಷದ ಲೆನ್ಸಾದರೂ ದೂರದ ಹಕ್ಕಿ ಕಲಸಿಹೋಗುತ್ತದೆ.

ಮಧ್ಯಾಹ್ನ ಲಕ್ಷ್ಮೇಶ್ವರದಲ್ಲಿ ರೊಟ್ಟಿ, ಎಣ್ಣೆಗಾಯಿ. ಸೋಮೇಶ್ವರ ಗುಡಿಯನ್ನೂ ನೋಡಿದೆವು, ಆದರೆ ಗೆಳೆಯ ಒಳಗೂ ಮೌನ, ಹೊರಗೂ ಮೌನ.

ಕೆರೆ ಬಿಡುವ ಮುಂಚೆ ಅಜ್ಜನಿಗೆ ಫೋಟೋ ತೋರಿಸಿದ್ದೆ. ಪರದೆ ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ನಮ್ಮ ಕುರಿ ಬಂದಾವೇನು?" ಅಂದ. ಒಂದರಲ್ಲಿ ಮೂಲೆಗೆ ಮಸುಕಾಗಿ ಒಂದು ಕಿವಿ ಬಂದಿತ್ತು. ಮೊಮ್ಮಗನ ವಾಟ್ಸಾಪಿಗೆ ಅದನ್ನೇ ಕಳಿಸು ಅಂದ. ಕ್ರಾಪ್ ಮಾಡದೆ ಕಳಿಸಿದೆ.