ಮುಳುಗಡೆ ಊರಿಂದ ಬಂದ ಕಾಗದ

ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಹುಡುಕುವವರಿಗೆ ಗೊತ್ತಿರುತ್ತದೆ, ಅಲ್ಲಿ ರಾಶಿ ಬೀಳುವುದೆಲ್ಲ ಇಂಜಿನಿಯರಿಂಗ್, ಸಿಇಟಿ, ಲಾ ಪುಸ್ತಕಗಳು. ಯಕ್ಷಗಾನ ಪ್ರಸಂಗದ ಪುಸ್ತಕ ಸಿಗುವುದು ಅಪರೂಪ. ಹಾಗಾಗಿ ಖಾಕಿ ಬಟ್ಟೆಯ ರಟ್ಟು ಹಾಕಿದ ಒಂದು ಕಟ್ಟು ಕಣ್ಣಿಗೆ ಬಿದ್ದಾಗ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ತಂದೆ.

ನಾಲ್ಕಾರು ಪ್ರಸಂಗಗಳನ್ನು ಒಟ್ಟಿಗೆ ಸೇರಿಸಿ ದಪ್ಪ ದಾರದಲ್ಲಿ ಹೊಲಿದಿದ್ದರು. ಪದ್ಯಗಳ ಪಕ್ಕದಲ್ಲಿ ಪೆನ್ಸಿಲಿನ ಗುರುತುಗಳು. ಇದನ್ನು ಬಿಡುವುದು, ಇದಕ್ಕೆ ಝಂಪೆ, ಇಲ್ಲಿಂದ ಏರು. ಪ್ರಸಂಗ ಮುಗಿದ ಮೇಲಿನ ಖಾಲಿ ಪುಟದಲ್ಲಿ ಅರ್ಥ ಹೇಳಿದವರ ಪಟ್ಟಿ. ಕೃಷ್ಣ ಯಾರು, ಕೌರವ ಯಾರು, ವಿದುರ ಯಾರು ಅಂತ. ಪೂರ್ತಿ ಹೆಸರಿಲ್ಲ. ಊರಿನ ಮೊದಲಕ್ಷರ, ಮುಂದೆ ಭಟ್ಟರು, ಹೆಗಡೇರು, ನಾಯ್ಕರು, ಅಷ್ಟೇ. ತಾಳಮದ್ದಳೆ ಹಾಡುತ್ತಿದ್ದ ಭಾಗವತರೊಬ್ಬರ ಪುಸ್ತಕ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳ ಮಳೆಗಾಲದ ರಾತ್ರಿಗಳು ಹೀಗೇ ಬೆಳಗಾಗಿವೆ.

ಪುಟ ತಿರುಗಿಸುತ್ತಾ ಹೋದಾಗ ಕಾಗದ ಸಿಕ್ಕಿತು. ನೀಲಿ ಇನ್‌ಲ್ಯಾಂಡ್ ಲೆಟರು. ಮಡಿಕೆಗಳಲ್ಲಿ ಹರಿದು ಮೂರು ತುಂಡಾಗಿತ್ತು. ಒಂದು ಮೂಲೆಯನ್ನು ಹುಳ ತಿಂದಿತ್ತು. ಹೊರಗೆ ವಿಳಾಸ ಇದ್ದದ್ದು ಒಬ್ಬ ಗಂಡಸಿನ ಹೆಸರಿಗೆ, ಮುಂದೆ ‘ಭಾಗವತರು’ ಅಂತ ಸೇರಿಸಿ. ಒಳಗೆ ಬರೆದದ್ದು ಅವರ ಹೆಂಡತಿಗೆ.

‘ಚಿ|| ಸೌ|| ತಂಗಿಗೆ ಅಣ್ಣನ ಆಶೀರ್ವಾದಗಳು. ಈವರೆಗೆ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರುವುದು. ಕೊನೆಕೊಯ್ಲು ಮುಗಿಯಿತು. ನೋಟೀಸು ಬಂದಿದೆ. ಹಿರೇಭಾಸ್ಕರದ ನೀರಿಗೆ ಅಪ್ಪಯ್ಯನ ಕಾಲದಲ್ಲಿ ಗದ್ದೆ ಹೋಯಿತು, ಈಗ ಲಿಂಗನಮಕ್ಕಿಯ ನೀರಿಗೆ ತೋಟ ಮನೆ ಎರಡೂ ಹೋಗುತ್ತದೆ. ಶಿವಮೊಗ್ಗೆಯ ಕಡೆ ಕಾಡು ಕಡಿದು ಜಾಗ ಕೊಡುತ್ತಾರಂತೆ. ಮನೆ ಬಿಚ್ಚುವುದಕ್ಕೆ ಮುಂಚೆ ಒಮ್ಮೆ ಬಂದು ಹೋಗು. ನಿನಗೆ ಏನು ಬೇಕೋ ಬರೆ, ತೆಗೆದಿಡುತ್ತೇನೆ. ಹೊಳೆದಂಡೆಯ ಜೀರಿಗೆ ಮಿಡಿಯ ಮರ ಈ ಸಲ ಮೈತುಂಬ ಹೂ ಬಿಟ್ಟಿದೆ. ಮಿಡಿ ಕೊಯ್ಯುವ ಹೊತ್ತಿಗೆ ಬಂದರೆ ಒಳ್ಳೆಯದು. ಭಾವನಿಗೆ ನಮಸ್ಕಾರ ತಿಳಿಸು.’

ಓದಿ ಮುಗಿಸಿದ ಮೇಲೆ ಇದನ್ನು ಸುಮ್ನೆ ಕಪಾಟಿನಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ. ತಂಗಿ ಹೋದಳಾ? ಏನು ಬೇಕು ಅಂತ ಬರೆದಳು? ಈ ಎರಡು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟವು. ಅಲ್ಲದೆ, ಒಂದು ಮನೆಯ ಇಷ್ಟು ಸ್ವಂತದ ಮಾತು ನನ್ನ ಹತ್ತಿರ ಇರುವುದು ಸರಿಯೂ ಅನ್ನಿಸಲಿಲ್ಲ. ಅದು ಅವರ ಮನೆಗೆ ಸೇರಬೇಕಾದದ್ದು.

ಯಾವ ವರ್ಷದ್ದು ಅನ್ನುವುದು ಬೇಗ ಬಗೆಹರಿಯಿತು. ಕಾಗದದ ತಲೆಯಲ್ಲಿ ‘ಶುಭಕೃತ್ ಸಂ|| ಮಾಘ ಬ|| ೫’ ಅಂತ ಇತ್ತು, ಇಸವಿ ಇರಲಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಮೊನ್ನೆಮೊನ್ನೆ ಶುಭಕೃತ್ ಬಂದು ಹೋದದ್ದು 2022-23ರಲ್ಲಿ. ಅದರ ಹಿಂದಿನದು 1962-63, ಅದಕ್ಕೂ ಹಿಂದಿನದು 1902-03. ಇನ್‌ಲ್ಯಾಂಡ್ ಲೆಟರು ನಮ್ಮಲ್ಲಿ ಶುರುವಾದದ್ದೇ 1950ರಲ್ಲಿ. ಅದರ ಮೇಲೆ ಅಚ್ಚಾಗಿದ್ದ ಬೆಲೆ ನಯಾ ಪೈಸೆಯಲ್ಲಿತ್ತು. 1957ರಿಂದ 1964ರವರೆಗೆ ಮಾತ್ರ ಪೈಸೆಯನ್ನು ನಯಾ ಪೈಸೆ ಅಂತ ಕರೆಯುತ್ತಿದ್ದದ್ದು. ಪಿನ್ ಕೋಡ್ ಇಲ್ಲ, ಅದು ಬಂದದ್ದು 1972ರಲ್ಲಿ. ಎಲ್ಲ ಸೇರಿಸಿದರೆ 1963ರ ಫೆಬ್ರವರಿ ನಡುವಿನ ಒಂದು ದಿನ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಾಗಾದರೆ ಈ ಅಣ್ಣ ಪೆನ್ನು ಹಿಡಿದು ಕೂತಾಗ ಆ ಮನೆಗೆ ಉಳಿದಿದ್ದದ್ದು ಹೆಚ್ಚೆಂದರೆ ಒಂದೋ ಎರಡೋ ಮಳೆಗಾಲ.

ಎಲ್ಲಿಂದ ಬಂತು ಅನ್ನುವುದು ಕಷ್ಟವಾಯಿತು. ಹುಳ ತಿಂದದ್ದು ಸರಿಯಾಗಿ ಕಳಿಸಿದವರ ವಿಳಾಸದ ಮೂಲೆಯನ್ನೇ. ಊರಿನ ಹೆಸರಿನ ಕೊನೆಯ ಎರಡಕ್ಷರ ಮತ್ತು ‘ಸಾಗರ ತಾ||’ ಮಾತ್ರ ಉಳಿದಿತ್ತು. ಆ ಎರಡಕ್ಷರದಲ್ಲಿ ಮುಗಿಯುವ ಊರುಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಆದರೆ ಕಾಗದದ ಒಳಗೇ ಒಂದು ಸುಳಿವಿತ್ತು. ಒಂದೇ ಮನೆತನ ಎರಡು ಅಣೆಕಟ್ಟಿನ ನೀರಿಗೆ ಸಿಕ್ಕಿತ್ತು. ಶರಾವತಿಗೆ ಲಿಂಗನಮಕ್ಕಿಗಿಂತ ಮುಂಚೆ, 1948ರಲ್ಲಿ, ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ನೀರು ಕೊಡುತ್ತಿದ್ದದ್ದು ಅದು. ಕೊನೆಗೆ ಆ ಅಣೆಕಟ್ಟೂ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ಮೇಲೆ ಕಾಣುತ್ತದೆ, ಜನ ನಡೆದುಹೋಗಿ ನೋಡಿ ಬರುತ್ತಾರೆ. ಅಂದರೆ ಈ ಊರು ಆ ಮೊದಲಿನ ಹಿನ್ನೀರಿನ ಅಂಚಿನಲ್ಲಿ ಇದ್ದಿರಬೇಕು. ಅಣೆಕಟ್ಟಿಗೆ ಮುಂಚಿನ ಹಳೇ ಮ್ಯಾಪನ್ನು ಇಂದಿನ ಮ್ಯಾಪಿನ ಪಕ್ಕ ಇಟ್ಟು ನೋಡಿದೆ. ಈಗ ಬರೀ ನೀಲಿ ಇರುವ ಕಡೆ ಆಗ ಹೊಳೆಯ ಎರಡೂ ಬದಿಗೆ ಸಣ್ಣಸಣ್ಣ ಹೆಸರುಗಳು ಒತ್ತೊತ್ತಾಗಿದ್ದವು. ಆ ಹೆಸರುಗಳನ್ನು ಒಂದೊಂದಾಗಿ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನೊಂದು ತುದಿಯಿಂದ ಹುಡುಕುವುದೇ ದಾರಿ ಅನ್ನಿಸಿತು. ತಂಗಿಯನ್ನು ಕೊಟ್ಟ ಊರು ಸಿದ್ದಾಪುರ ತಾಲೂಕು, ಉತ್ತರ ಕನ್ನಡ. ಸಾಗರಕ್ಕೆ ಪಕ್ಕದ ತಾಲೂಕೇ. ಆದರೂ 1956ರವರೆಗೆ ಸಾಗರ ಮೈಸೂರಿಗೆ ಸೇರಿದ್ದು, ಸಿದ್ದಾಪುರ ಮುಂಬಯಿಗೆ ಸೇರಿದ್ದು. ಹೆಣ್ಣು ಕೊಟ್ಟು ತರುವವರು ರಾಜ್ಯದ ಗಡಿ ನೋಡುತ್ತಿರಲಿಲ್ಲ, ಬಿಡಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಗೆಳೆಯನೊಬ್ಬ ನನಗೆ ಆ ಕಡೆಯವನು. ಅವನಿಗೆ ವಿಳಾಸಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅರ್ಥಧಾರಿಗಳ ಪಟ್ಟಿ. ಒಂದು ಅಕ್ಷರ, ಒಂದು ಅಡ್ಡಹೆಸರು, ಅಷ್ಟರಲ್ಲೇ ‘ಇವರು ನಮ್ಮ ಅಜ್ಜನ ಜೋಡಿ ಕೌರವ ಹೇಳ್ತಿದ್ದವರು’ ಅಂದ. ಆಮೇಲೆ ಮನೆಗೆ ಎರಡು ಫೋನ್ ಮಾಡಿದ. ಭಾಗವತರ ಮನೆ ಗೊತ್ತಾಯಿತು.

ರಾತ್ರಿ ತಾಳಗುಪ್ಪ ರೈಲು ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಹೋದೆ. ಅಡಿಕೆಯ ಸುಗ್ಗಿ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ಭಾಗವತರೂ ಇಲ್ಲ, ಅವರ ಹೆಂಡತಿಯೂ ಇಲ್ಲ, ಇಬ್ಬರೂ ತೀರಿಹೋಗಿ ಬಹಳ ಕಾಲವಾಗಿದೆ. ಮನೆಯಲ್ಲಿದ್ದವರು ಸೊಸೆ. ‘ಆಸ್ರಿಗೆ ಎಂತ ಬೇಕು?’ ಅಂತ ಮೊದಲು ಕೇಳಿ, ಕಷಾಯ ಕೊಟ್ಟು, ಆಮೇಲೆ ವಿಷಯ ಕೇಳಿದರು. ಪುಸ್ತಕದ ಕಟ್ಟು ನೋಡಿ ಗುರುತು ಹಿಡಿದರು. ಮನೆಯ ಹುಡುಗನೊಬ್ಬ ಪ್ರೀತಿಯಿಂದ ಬೆಂಗಳೂರಿಗೆ ಒಯ್ದದ್ದಂತೆ. ಅಲ್ಲಿ ಮನೆ ಬದಲಿಸುವ ಗಡಿಬಿಡಿಯಲ್ಲಿ ಒಂದು ಪೆಟ್ಟಿಗೆ ಕಾಣೆಯಾಯಿತಂತೆ. ‘ಕಾಗದದ ವಿಷಯ ನಂಗೆ ಗೊತ್ತಿಲ್ಲೆ. ಅತ್ತಿಗೆ ಸಾಗರದಲ್ಲಿದ್ದು. ಅವ್ಳೇ ಹಿರಿಯವ್ಳು, ಅವ್ಳ ಹತ್ರ ಕೇಳಿ’ ಅಂತ ಅಲ್ಲಿಂದಲೇ ಫೋನ್ ಹಚ್ಚಿಕೊಟ್ಟರು.

ಸಾಗರದ ಆ ಅಮ್ಮ ಭಾಗವತರ ಮಗಳು, ಎಪ್ಪತ್ತರ ಆಸುಪಾಸು. ಕನ್ನಡಕ ಒರೆಸಿ ಹಾಕಿಕೊಂಡರು. ಕಾಗದದ ತುಂಡುಗಳನ್ನು ಮೇಜಿನ ಮೇಲೆ ತಾವೇ ಜೋಡಿಸಿದರು. ಮೊದಲ ಸಾಲು ಓದುವ ಮೊದಲೇ ‘ಇದು ದೊಡ್ಡಮಾವನ ಅಕ್ಷರ’ ಅಂದರು. ಹುಳ ತಿಂದ ಮೂಲೆಯ ಮೇಲೆ ಬೆರಳಿಟ್ಟು ಊರಿನ ಪೂರ್ತಿ ಹೆಸರು ಹೇಳಿದರು. ನಾನು ಮ್ಯಾಪಿನಲ್ಲಿ ಅನುಮಾನಪಟ್ಟಿದ್ದ ಹೆಸರುಗಳಲ್ಲಿ ಅದೂ ಒಂದು. ಮನೆಯವರು ಬೇಡವೆಂದದ್ದರಿಂದ ಇಲ್ಲಿ ಆ ಹೆಸರು ಬರೆಯುತ್ತಿಲ್ಲ.

‘ನಿಮ್ಮ ತಾಯಿ ಹೋಗಿದ್ರಾ?’ ಅಂತ ಕೇಳಿದೆ.

‘ಹೋಗಿದ್ದಳು ತಮಾ. ನನ್ನನ್ನೂ ಕರಕೊಂಡು ಹೋಗಿದ್ದಳು. ಆಗ ನಾನು ಸಣ್ಣವಳು, ಆದ್ರೂ ನೆನಪಿದೆ.’

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ಅವರು ಹೋಗುವ ಹೊತ್ತಿಗೆ ಅರ್ಧ ಮನೆಯ ಹೆಂಚು ಇಳಿಸಿ ಆಗಿತ್ತು. ತೊಲೆ, ಬಾಗಿಲು, ಕಿಟಕಿ ಎಲ್ಲ ಅಂಗಳದಲ್ಲಿ ಸಾಲಾಗಿ ಒರಗಿಸಿಟ್ಟಿದ್ದರು, ಹೊಸ ಜಾಗಕ್ಕೆ ಒಯ್ಯಲು. ಅಡುಗೆ ಅಂಗಳದ ಚಪ್ಪರದಲ್ಲಿ. ದೇವರನ್ನು ಆಗಲೇ ನೆಂಟರ ಮನೆಗೆ ಕಳಿಸಿದ್ದರು. ‘ದೇವರ ಕೋಣೆ ಖಾಲಿ ಇತ್ತು, ಆದ್ರೂ ಅತ್ತೆ ದಿನಾ ಸಂಜೆ ಅಲ್ಲಿ ದೀಪ ಇಡ್ತಿದ್ದಳು’ ಅಂದರು.

ತಂಗಿ ಏನು ಕೇಳಿದ್ದಳು? ಪಾತ್ರೆ ಅಲ್ಲ, ಕಡೆಗೋಲೂ ಅಲ್ಲ. ಆ ಜೀರಿಗೆ ಮಿಡಿ ಸಾಕು ಅಂದಿದ್ದಳಂತೆ.

ಅಪ್ಪೆಮಿಡಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಮಲೆನಾಡಿನ ಹೊಳೆದಂಡೆಯ ಕಾಡುಮಾವು. ಹಣ್ಣಿಗಾಗಿ ಯಾರೂ ಕಾಯುವುದಿಲ್ಲ, ಎಳೆಯ ಮಿಡಿಯಲ್ಲೇ ಕೊಯ್ದು ಉಪ್ಪಿನಕಾಯಿ ಹಾಕುತ್ತಾರೆ. ಪ್ರತಿ ಮರಕ್ಕೂ ತನ್ನದೇ ಪರಿಮಳ, ತನ್ನದೇ ಹುಳಿ. ಸೊನೆಯಲ್ಲಿ ಜೀರಿಗೆಯ ವಾಸನೆ ಇದ್ದರೆ ಅದು ಜೀರಿಗೆ ಮಿಡಿ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಮೆತ್ತಗಾಗಿ ಕೆಡುತ್ತದೆ. ಹಾಗಾಗಿ ಮರ ಹತ್ತಿದವರು ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ತುಂಬಿ, ಹಗ್ಗದಲ್ಲಿ ನಿಧಾನಕ್ಕೆ ಇಳಿಸಬೇಕು. ಶರಾವತಿಯ ದಂಡೆ ಇಂಥ ಮರಗಳ ತವರು. ಸುಮಾರು 300 ಚದರ ಕಿಲೋಮೀಟರ್ ನೀರು ನಿಂತಾಗ ಎಷ್ಟು ಬಗೆಯ ಪರಿಮಳ ಹೋಯಿತು ಅಂತ ಬರೆದಿಟ್ಟವರು ಯಾರಿದ್ದಾರೆ?

ಆ ವರ್ಷ ದೊಡ್ಡಮಾವ ತಾವೇ ಮರ ಹತ್ತಿದರಂತೆ. ಮಕ್ಕಳೆಲ್ಲ ಕೆಳಗೆ ನಿಂತು ಬುಟ್ಟಿ ಹಿಡಿದುಕೊಂಡರು. ಆ ತಂಗಿ ಒಂದು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮಗಳ ಮೂಗಿನ ಹತ್ತಿರ ಹಿಡಿದು ‘ನೆನಪಿಟ್ಕ’ ಅಂದಳಂತೆ. ಮಿಡಿಯನ್ನು ಉಪ್ಪಿಗೆ ಹಾಕಿ ಜಾಡಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಎತ್ತಿನ ಗಾಡಿಯಲ್ಲಿ ಸಿದ್ದಾಪುರಕ್ಕೆ ತಂದರು. ಆ ಜಾಡಿಯನ್ನು ಮದುವೆ ಮುಂಜಿಗೆ ಮಾತ್ರ ತೆಗೆಯುತ್ತಿದ್ದರು. ಮರುವರ್ಷ ಅಣ್ಣ ಕಳಿಸಿದ ಓಟೆಯಿಂದ ಎದ್ದ ಒಂದು ಮರ ಈಗಲೂ ಸಿದ್ದಾಪುರದ ಮನೆಯ ಹಿಂದೆ ಇದೆ. ಆದರೆ ಓಟೆಯಿಂದ ಬೆಳೆದ ಮಾವು ತಾಯಿಮರದ ಹಾಗೇ ಬರಬೇಕೆಂದಿಲ್ಲ, ಅದಕ್ಕೆ ಕಸಿಯೇ ಕಟ್ಟಬೇಕು. ‘ಹುಳಿ ಅದೇ. ಜೀರಿಗೆ ವಾಸನೆ ಬರಲೇ ಇಲ್ಲ’ ಅಂದರು ಅಮ್ಮ.

ಕಾಗದ ಪ್ರಸಂಗದ ಪುಸ್ತಕದಲ್ಲಿ ಯಾಕಿತ್ತು ಅಂತಲೂ ಕೇಳಿದೆ. ಅವರ ತಾಯಿಗೆ ಓದಲು ಬರುತ್ತಿರಲಿಲ್ಲ. ಅಣ್ಣನಿಗೆ ಅದು ಗೊತ್ತಿದ್ದರೂ ಕಾಗದ ಬರೆಯುತ್ತಿದ್ದದ್ದು ತಂಗಿಗೇ. ಓದಿ ಹೇಳುತ್ತಿದ್ದವರು ಭಾಗವತರು. ತವರಿನ ನೆನಪಾದಾಗ ಆಕೆ ಮತ್ತೆ ಮತ್ತೆ ಓದಿಸುತ್ತಿದ್ದಳಂತೆ. ಅದಕ್ಕೇ ಅವರು ಕೈಗೆ ಸಿಗುವ ಹಾಗೆ ತಮ್ಮ ಪುಸ್ತಕದಲ್ಲೇ ಇಟ್ಟುಕೊಂಡಿದ್ದರು. ಮಡಿಕೆ ಹರಿದದ್ದು ಹಾಗೆ.

ಮರುದಿನ ಅಮ್ಮನ ಮಗ ನನ್ನನ್ನು ಅಂಬಾರಗೋಡ್ಲುವಿಗೆ ಕರೆದುಕೊಂಡು ಹೋದರು. ಮುಂಚೆ ಸಿಗಂದೂರಿಗೆ ಲಾಂಚು ದಾಟುತ್ತಿದ್ದ ಜಾಗ. ಈಗ ಕಳಸವಳ್ಳಿಯವರೆಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಿದೆ. ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈ ನೀರಿನಿಂದಲೇ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. 1960ರ ದಶಕದಿಂದ ನಾಡಿಗೆಲ್ಲ ಬೆಳಕು ಕೊಟ್ಟಿದೆ. ಬೆಂಗಳೂರಲ್ಲಿ ಸ್ವಿಚ್ಚು ಒತ್ತುವ ನಾನೂ ಆ ಬೆಳಕು ಉಂಡವನೇ. ನೀರಿನಾಚೆ ಉಳಿದ ಜನ ಮಾತ್ರ ಆಸ್ಪತ್ರೆಗೆ ಹೋಗಲೂ ಲಾಂಚಿಗೆ ಕಾಯುತ್ತಾ ಅರವತ್ತು ವರ್ಷ ಕಳೆದರು. ಶಿವಮೊಗ್ಗದ ಕಡೆ ಹೋದವರಲ್ಲಿ ಎಷ್ಟೋ ಮನೆಗಳು ಇವತ್ತಿಗೂ ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಆ ಅಣ್ಣ ಕಾಗದದಲ್ಲಿ ಯಾರನ್ನೂ ಬೈದಿಲ್ಲ. ಅವರ ಪರವಾಗಿ ನನಗೆ ಸಿಟ್ಟು ಬಂದದ್ದು ನಿಜ.

ದೊಡ್ಡಮಾವನ ಮೊಮ್ಮಗ ಈಗ ಶಿವಮೊಗ್ಗ ತಾಲೂಕಿನಲ್ಲಿದ್ದಾರೆ. ಫೋನಿನಲ್ಲಿ ಅಮ್ಮ ಪೂರ್ತಿ ಕಾಗದವನ್ನು ಅವರಿಗೆ ಓದಿ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಜ್ಜನ ಕೈಬರಹ ನಮ್ಮನೇಲಿ ಒಂದು ತುಂಡೂ ಇಲ್ಲ, ಒಂದು ಝೆರಾಕ್ಸ್ ಕಳಿಸ್ತೀರಾ?’ ಅಂತ ನನ್ನನ್ನು ಕೇಳಿದರು. ಸಾಗರದ ಪೇಟೆಯಲ್ಲೇ ಕಲರ್ ಝೆರಾಕ್ಸ್ ಮಾಡಿಸಿ ಸ್ಪೀಡ್ ಪೋಸ್ಟ್ ಮಾಡಿದೆವು. ಮೂಲ ಕಾಗದ ಅಮ್ಮನ ಹತ್ತಿರ ಇದೆ.

ಪುಸ್ತಕವನ್ನೂ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ‘ಅಪ್ಪಯ್ಯನ ಪುಸ್ತಕ ಹಾಡುವವರ ಕೈಲಿರಲಿ’ ಅಂದರು. ಅದೀಗ ನನ್ನ ಗೆಳೆಯನ ತಾಳಮದ್ದಳೆ ತಂಡದ ಭಾಗವತರಲ್ಲಿದೆ. ಅರ್ಥಧಾರಿಗಳ ಪಟ್ಟಿಯಲ್ಲಿ ಇನ್ನೂ ಗುರುತು ಸಿಗದ ಹೆಸರುಗಳಿವೆ. ಕೆಲವರು ಮುಳುಗಡೆ ಊರಿನವರೇ ಇರಬೇಕು ಅಂತ ಅಮ್ಮನ ಅಂದಾಜು. ನಿಮ್ಮ ಮನೆಯ ಅಜ್ಜನೋ ದೊಡ್ಡಪ್ಪನೋ 1960ರ ಆಸುಪಾಸಿನಲ್ಲಿ ಸಾಗರ, ಸಿದ್ದಾಪುರದ ಕಡೆ ಅರ್ಥ ಹೇಳುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಪಟ್ಟಿಯ ಫೋಟೋ ಕಳಿಸುತ್ತೇನೆ.