ಸುರಂಗದೊಳಗೆ ಮೊರ್ಲಾಕ್: ಕಾದಂಬರಿಯ ಜೀವಿಯನ್ನು ಆಟಕ್ಕೆ ಇಳಿಸುವ ಬಗೆ

ಕಾದಂಬರಿಯಲ್ಲಿ ಮೈ ನಡುಗಿಸಿದ ಜೀವಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನಂಥ, ದಾಳ ಉರುಳಿಸಿ ಪಾತ್ರವಾಗಿ ಆಡುವ ಆಟಕ್ಕೆ ಬಂದ ಕೂಡಲೇ ಸಪ್ಪೆಯಾಗುವುದಕ್ಕೆ ಕಾರಣ ಬರೀ ಲೆಕ್ಕ. ಅಲ್ಲಿ ಅದರ ಕೈಗೆ ಸಿಕ್ಕಿಬೀಳುವವನು ಒಬ್ಬನೇ. ಇಲ್ಲಿ ಡಿಸ್ಕಾರ್ಡ್ ಕರೆಯಲ್ಲಿ ಕೂತವರು ನಾಲ್ಕು ಜನ, ಜೀವಿಗೆ ಒಂದು ಸರದಿ ಬರುವಷ್ಟರಲ್ಲಿ ಅವರ ನಾಲ್ಕು ಸರದಿ ಮುಗಿದಿರುತ್ತದೆ. ಜೀವಿಯ ಎಚ್‌ಪಿ (ಪ್ರಾಣದ ಅಂಕ) ಇಮ್ಮಡಿ ಮಾಡಿದರೆ ಸರಿಹೋದೀತು ಅಂತ ಹೊಸ ಡಿಎಂಗಳು (ಆಟ ನಡೆಸುವವರು) ಅಂದುಕೊಳ್ಳುವುದುಂಟು. ಅದರಿಂದ ಇಪ್ಪತ್ತು ನಿಮಿಷದ ಬೇಸರ ನಲವತ್ತಾಗುತ್ತದೆ, ಅಷ್ಟೇ.

ತರಬೇಕಾದದ್ದು ಒಂದೇ: ಆ ಜೀವಿ ಎದುರಿಗಿದ್ದರೆ ಮನುಷ್ಯ ಏನು ಮಾಡದೆ ಗತಿಯಿಲ್ಲ ಎಂಬುದು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಟ್ರೋಲ್ ನೋಡಿ. ಕಡಿದಷ್ಟೂ ಕೂಡಿಕೊಳ್ಳುವ ಅದರ ಗುಣ ಬಂದದ್ದು ಪೌಲ್ ಆಂಡರ್ಸನ್ ಅವರ ಕಾದಂಬರಿಯಿಂದ. ಆಟದಲ್ಲಿ ಅದು ಒಂದೇ ಸಾಲಿನ ನಿಯಮವಾಯಿತು, 2014ರ ಪುಸ್ತಕದಲ್ಲಿ ಹೀಗೆ: ಪ್ರತಿ ಸರದಿಯ ಆರಂಭದಲ್ಲಿ 10 ಎಚ್‌ಪಿ ಮರಳುತ್ತದೆ, ಬೆಂಕಿ ಅಥವಾ ಆಸಿಡ್ ತಾಗಿದರೆ ಮುಂದಿನ ಸರದಿಗೆ ಇಲ್ಲ. ಕಾದಂಬರಿ ಓದದವರೂ ಟ್ರೋಲ್ ಅಂದರೆ ಬೆಂಕಿ ಹುಡುಕುತ್ತಾರೆ. ಎರವಲು ಅಂದರೆ ಇದು. ಇದಕ್ಕೆ ಅಪವಾದವೂ ಉಂಟು. ಅದೇ ಆಟದ ಡಿಸ್‌ಪ್ಲೇಸರ್ ಬೀಸ್ಟ್‌ಗೆ ಎ. ಇ. ವ್ಯಾನ್ ವೋಗ್ಟ್ 1939ರ ಕತೆಯಲ್ಲಿ ಬರೆದ ಕಪ್ಪು ಬೆಕ್ಕಿನಂಥ ಜೀವಿಯ ರೂಪ ಮಾತ್ರ ಬಂತು, ಇದ್ದ ಜಾಗದಲ್ಲಿಲ್ಲದಂತೆ ಕಾಣುವ ಗುಣವನ್ನು ಆಟದವರೇ ಸೇರಿಸಿದರು. ಹಾಗೆ ಮಾಡಿ ಗೆಲ್ಲುವುದಕ್ಕೆ ಕೈ ಪಳಗಿರಬೇಕು.

ಈಗ ಒಂದನ್ನು ನಾವೇ ಕಟ್ಟೋಣ. ಎಚ್. ಜಿ. ವೆಲ್ಸ್ 1895ರಲ್ಲಿ ಬರೆದ ‘ದಿ ಟೈಮ್ ಮೆಷೀನ್’ನ ಮೊರ್ಲಾಕ್. ಅದು ವಿಜ್ಞಾನ ಕಾದಂಬರಿಯಲ್ಲವೇ ಅಂತ ಯಾರಾದರೂ ಕೇಳಿಯಾರು; ನೆಲದಡಿಯಿಂದ ಕೈ ಚಾಚುವ ಜೀವಿಗೆ ಆ ಜಾತಿಗೀತಿ ಇಲ್ಲ. ಬಿಳಿಚಿದ ಮೈ, ಕತ್ತಲಲ್ಲಿ ಹೊಳೆಯುವ ಕಣ್ಣು, ಬಾವಿಯಂಥ ಕೊಳವೆಗಳಲ್ಲಿ ಹತ್ತಿ ಇಳಿಯುವ ಅಭ್ಯಾಸ, ಬೆಳಕೆಂದರೆ ಹೆದರಿಕೆ. ಇವುಗಳಲ್ಲಿ ಆಟಕ್ಕೆ ಬೇಕಾದದ್ದು ಕೊನೆಯದು. ಕಾದಂಬರಿಯ ನಾಯಕ ಬೆಂಕಿಕಡ್ಡಿಗಳನ್ನು ತಮಾಷೆಗೆ ಗೀಚಿ ಮುಗಿಸಿ, ನೆಲದಡಿ ಇಳಿದ ಮೇಲೆ ಉಳಿದದ್ದು ನಾಲ್ಕೇ ಅಂತ ಲೆಕ್ಕ ಹಾಕುತ್ತಾನಲ್ಲ, ಭಯ ಇರುವುದು ಆ ಲೆಕ್ಕದಲ್ಲಿ. ನಮ್ಮ ಆಟದಲ್ಲೂ ಕಡ್ಡಿ ಎಣಿಸುವಂತಾಗಬೇಕು.

ಜಾಗಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡಿನ ಪೆರ್ಲ, ಪಡ್ರೆ, ಬಾಯಾರು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳಿವೆಯಲ್ಲ, ಒಬ್ಬ ಆಳು ನುಗ್ಗುವಷ್ಟೇ ಅಗಲ, ಹೆಚ್ಚುಕಡಿಮೆ ಎರಡು ಅಡಿ. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಗಂಡಿಯೂ ಇರುತ್ತದೆ. ವೆಲ್ಸ್ ಬರೆದ ಕೊಳವೆಗೂ ಇದಕ್ಕೂ ಎಷ್ಟು ಹೊಂದಾಣಿಕೆ ನೋಡಿ. ಅಂಥ ಹತ್ತಾರು ಸುರಂಗ ಒಳಗೊಳಗೇ ಕೂಡಿಕೊಂಡಿವೆ ಅಂತ ಕಲ್ಪಿಸಿಕೊಳ್ಳಿ, ನಕ್ಷೆ ಮುಗಿಯಿತು.

ಅಂಕಿಗಳನ್ನು ಸೊನ್ನೆಯಿಂದ ಬರೆಯಬೇಡಿ. 2014ರ ನಿಯಮದ (ಇಲ್ಲಿನ ಪುಸ್ತಕದ ಅಂಕಿಗಳೆಲ್ಲ ಅದರವೇ) ಗಾಬ್ಲಿನ್ ಎಂಬ ಕುಳ್ಳ ಜೀವಿಯನ್ನು ಎತ್ತಿಕೊಳ್ಳಿ: ಎಸಿ (ಅದಕ್ಕೆ ಏಟು ತಾಗಲು ದಾಳ ಮುಟ್ಟಬೇಕಾದ ಅಂಕ) 15, ಎಚ್‌ಪಿ 7, ಸಿಆರ್ (ಕಷ್ಟದ ಮಟ್ಟ) 1/4, 50 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅಂಕ). ಆ 15ರಲ್ಲಿ ಚರ್ಮದ ಅಂಗಿಯದು ಒಂದು, ಗುರಾಣಿಯದು ಎರಡು. ಎರಡನ್ನೂ ತೆಗೆದರೆ 12. ಎಚ್‌ಪಿಯನ್ನು 3ಡಿ6ಕ್ಕೆ (ಆರು ಮುಖದ ಮೂರು ದಾಳದ ಮೊತ್ತ) ಏರಿಸಿ, ಸರಾಸರಿ 10. ಹತ್ತುವ ವೇಗ 30 ಅಡಿ. ಕತ್ತಿ ಕಿತ್ತುಕೊಂಡು ಎರಡು ಕೆಲಸ ಕೊಡಿ: ಮೊದಲ ಸರದಿಯಲ್ಲಿ ಹಿಡಿಯುವುದು (ದಾಳಕ್ಕೆ +4, ತಾಗಿದರೆ ಹಾನಿ ಇಲ್ಲ, ಬಿಡಿಸಿಕೊಳ್ಳಲು ಡಿಸಿ, ಅಂದರೆ ದಾಳ ಮುಟ್ಟಬೇಕಾದ ಅಂಕ, 11), ಹಿಡಿದವನನ್ನು ಮುಂದಿನ ಸರದಿಯಲ್ಲಿ ಕಚ್ಚುವುದು (1ಡಿ6+2). ಗಾಬ್ಲಿನ್ನಿನ ನುಣುಚಿಕೊಳ್ಳುವ ಬೋನಸ್ ಆಕ್ಷನ್ (ಅದೇ ಸರದಿಯಲ್ಲಿ ಮಾಡುವ ಹೆಚ್ಚಿನ ಕೆಲಸ) ಹಾಗೇ ಇರಲಿ, ಅದಿಲ್ಲದಿದ್ದರೆ ಇವು ಸಾಲಾಗಿ ನಿಂತು ಸಾಯುತ್ತವೆ. ಆಮೇಲೆ ಮುಖ್ಯ ನಿಯಮ: ಪ್ರಖರ ಬೆಳಕಿರುವ ಚೌಕಕ್ಕೆ ಮೊರ್ಲಾಕ್ ತಾನಾಗಿ ಕಾಲಿಡುವುದಿಲ್ಲ; ಬೆಳಕು ಮೈಮೇಲೆ ಬಿದ್ದರೆ ಮುಂದಿನ ಸರದಿ ಮುಗಿಯುವವರೆಗೆ ಅದರ ಏಟುಗಳಿಗೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಕಡಿಮೆಯದ್ದನ್ನು ಹಿಡಿಯುವುದು). ಎರಡಡಿ ಸುರಂಗದಲ್ಲಿ ಮನುಷ್ಯರಿಗೆ ಇಕ್ಕಟ್ಟಿನಲ್ಲಿ ತೂರುವ ನಿಯಮ ಹಾಕಿ. ಗಾಬ್ಲಿನ್ ಗಾತ್ರದ ಮೊರ್ಲಾಕಿಗೆ ಅದು ಬೇಡ.

ಎಷ್ಟು ಬಿಡಬೇಕು? ಎರಡನೇ ಲೆವೆಲ್ಲಿನ ನಾಲ್ವರಿಗೆ ಮಧ್ಯಮ ಕಾಳಗ 400, ಕಠಿಣ 600, ಮಾರಕ 800 ಎಕ್ಸ್‌ಪಿ. ಆರು ಮೊರ್ಲಾಕ್ ಅಂದರೆ ತಲಾ 50ರಂತೆ 300, ಮೂರರಿಂದ ಆರು ಜೀವಿಗಳಿದ್ದರೆ ಗುಣಕ 2, ಸರಿಯಾಗಿ 600. ಏಳನೆಯದನ್ನು ಸೇರಿಸಿದ ಕೂಡಲೇ ಗುಣಕ 2.5 ಆಗಿ ಮೊತ್ತ 875ಕ್ಕೆ ಜಿಗಿಯುತ್ತದೆ. ಒಂದು ತಾನೇ ಅಂತ ಸೇರಿಸುವ ಆ ಒಂದೇ ಹೆಚ್ಚಿನವರನ್ನು ಕೆಡಿಸುವುದು.

ಇನ್ನು ಬೆಳಕಿನ ದಾಸ್ತಾನು. ನಿಯಮಪುಸ್ತಕದ ಟಾರ್ಚ್ ಒಂದು ಗಂಟೆ ಉರಿಯುತ್ತದೆ, ಸುತ್ತ 20 ಅಡಿ ಪ್ರಖರ ಬೆಳಕು. ಅದನ್ನು ಕೊಟ್ಟರೆ ಮೊರ್ಲಾಕ್ ಹತ್ತಿರವೂ ಸುಳಿಯಲಾರದು, ಆಟ ಅಲ್ಲೇ ಮುಗಿಯಿತು. ಅದರ ಬದಲು ಒಣ ತೆಂಗಿನ ಗರಿಯ ಸೂಟೆ ಕೊಡಿ: ಬೆಳಕು ಅಷ್ಟೇ, ಆಯುಸ್ಸು 10 ನಿಮಿಷ. ತಲೆಗೆ ಎರಡರಂತೆ ಎಂಟು ಸೂಟೆ, 80 ನಿಮಿಷ. ದಾರಿಯನ್ನು 100 ನಿಮಿಷಕ್ಕೆ ಅಳೆದಿಡಿ. ಉಳಿದ ಇಪ್ಪತ್ತು ನಿಮಿಷಕ್ಕೆ ಗುಂಪಿಗೆಲ್ಲ ಸೇರಿ ಹನ್ನೆರಡು ಬೆಂಕಿಕಡ್ಡಿ, ಒಂದೊಂದು ಒಂದು ಸುತ್ತು (ಎಲ್ಲರಿಗೂ ಒಂದೊಂದು ಸರದಿ) ಉರಿದು ಐದಡಿ ಬೆಳಗುತ್ತದೆ. ಸೂಟೆ ಹಿಡಿದವನ ಒಂದು ಕೈ ಕಟ್ಟಿಹೋಗುತ್ತದೆ ಎಂಬುದನ್ನು ಮೊದಲೇ ಹೇಳಿಡಿ. ದೊಡ್ಡ ಬಿಲ್ಲಿನವನು ಆಗ ಗೊಣಗುತ್ತಾನೆ, ಗೊಣಗಲಿ.

ಕೆಡುವುದು ಎರಡು ಕಡೆ. ಗುಂಪಿನಲ್ಲಿ ಎಲ್ಫೋ ಡ್ವಾರ್ಫೋ ಇದ್ದರೆ ಅವರಿಗೆ 60 ಅಡಿ ಡಾರ್ಕ್‌ವಿಷನ್ (ಕತ್ತಲಲ್ಲೂ ಕಾಣುವ ಶಕ್ತಿ), ‘ನಮಗೆ ದೀಪವೇ ಬೇಡ’ ಅನ್ನುತ್ತಾರೆ. ಇಲ್ಲಿ ದೀಪ ಇರುವುದು ಕಾಣಲಿಕ್ಕಲ್ಲ, ಹೆದರಿಸಲಿಕ್ಕೆ. ಕತ್ತಲೆಯನ್ನು ಎರವಲು ತಂದಿದ್ದರೆ ಡಾರ್ಕ್‌ವಿಷನ್ ಅದನ್ನು ನುಂಗಿಬಿಡುತ್ತಿತ್ತು. ನಾವು ತಂದದ್ದು ಹೆದರಿಕೆಯನ್ನು, ಅದಕ್ಕೇನೂ ಆಗುವುದಿಲ್ಲ. ಎರಡನೆಯದು ಲೈಟ್ ಎಂಬ ಮಂತ್ರ. ಅದು ಒಂದು ಗಂಟೆ ಪುಕ್ಕಟೆ ಬೆಳಕು ಕೊಡುತ್ತದೆ. ನಿಷೇಧಿಸಲು ಹೋಗಬೇಡಿ, ಜಗಳವಾಗುತ್ತದೆ. ಮಂತ್ರ ಹಾಕಿದ ವಸ್ತುವನ್ನು ಬೆಳಕು ಹಾಯದ ಯಾವುದರಿಂದಲಾದರೂ ಪೂರ್ತಿ ಮುಚ್ಚಿದರೆ ಬೆಳಕು ಹೊರಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ಸುರಂಗದಲ್ಲಿ ಹಸಿ ಮಣ್ಣಿಗೆ ಬರವೇ? ಗಾಳಿಗಂಡಿಯ ಮೇಲಿನಿಂದ ಒಂದು ಮುದ್ದೆ ಕೆಸರು ಬಿದ್ದರೆ ಸಾಕು.

ಫೌಂಡ್ರಿ ಎಂಬ ತಂತ್ರಾಂಶದಲ್ಲಿ ನಕ್ಷೆ ಹಾಕಿ ಆಡುವವರಿಗೆ ಒಂದು ಮಾತು. ಟೋಕನ್ನಿನ (ನಕ್ಷೆಯ ಮೇಲಿನ ಪಾತ್ರದ ಬಿಲ್ಲೆಯ) ಬೆಳಕಿನಲ್ಲಿ ಬ್ರೈಟ್ (ಪ್ರಖರ) 20, ಡಿಮ್ (ಮಸುಕು) 40 ಅಂತ ಕೊಡಬೇಕು. ಡಿಮ್ ಅನ್ನುವುದು ಒಟ್ಟು ದೂರ. ಪುಸ್ತಕದಲ್ಲಿ ‘ಇನ್ನೂ 20’ ಅಂತ ಇರುವುದರಿಂದ 20, 20 ಅಂತ ಹಾಕಿ ಮಸುಕು ಬೆಳಕು ಎಲ್ಲಿ ಹೋಯಿತು ಅಂತ ಹುಡುಕುವವರೇ ಜಾಸ್ತಿ. ಕಡ್ಡಿಗೆ 5 ಮತ್ತು 10. ದೃಶ್ಯದ ಗ್ಲೋಬಲ್ ಇಲ್ಯೂಮಿನೇಶನ್ (ಇಡೀ ನಕ್ಷೆಗೆ ಬೆಳಕು) ಆಫ್ ಮಾಡಿ, ಇಲ್ಲವಾದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿಟ್ಟ ಹೋಮ. ಧ್ವನಿಯಿಲ್ಲದೆ ಬರೆದು ಆಡುವ ಗುಂಪಾದರೆ ಜೀವಿಗೆ ರಿಯಾಕ್ಷನ್ (ಬೇರೆಯವರ ಸರದಿಯ ನಡುವೆ ಮಾಡುವ ಕೆಲಸ) ಕೊಡಲೇಬೇಡಿ. ದಿನಕ್ಕೊಂದು ಉತ್ತರ ಬರುವ ಆಟದಲ್ಲಿ ಒಂದು ರಿಯಾಕ್ಷನ್ ಎರಡು ದಿನ ತಿನ್ನುತ್ತದೆ.

ಹೆಸರಿನ ವಿಚಾರ. 1974ರ ಮೊದಲ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಟೋಲ್ಕಿನ್ ಕಾದಂಬರಿಗಳ ಹಾಬಿಟ್, ಎಂಟ್, ಬಾಲ್‌ರೋಗ್ ಎಂಬ ಜೀವಿಗಳೆಲ್ಲ ಇದ್ದವು. ಟೋಲ್ಕಿನ್ ಹಕ್ಕುದಾರರ ಕಡೆಯಿಂದ ತಕರಾರು ಬಂದ ಮೇಲೆ ಹಾಫ್‌ಲಿಂಗ್, ಟ್ರೆಂಟ್, ಬೇಲರ್ ಆದವು. ಆಟ ಕೂದಲೆಳೆಯಷ್ಟೂ ಬದಲಾಗಲಿಲ್ಲ. ನಾಲ್ಕು ಜನ ಗೆಳೆಯರ ಆಟಕ್ಕೆ ಇದು ಬಾಧಿಸದು, ಬರೆದದ್ದನ್ನು ಮಾರಲು ಹೊರಟರೆ ಬಾಧಿಸುತ್ತದೆ. ನಮ್ಮಲ್ಲಿ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ. ವೆಲ್ಸ್ ತೀರಿದ್ದು 1946ರಲ್ಲಿ, ಹಾಗಾಗಿ ಮೊರ್ಲಾಕ್ 2007ರಿಂದ ಎಲ್ಲರದು. ಟೋಲ್ಕಿನ್ ತೀರಿದ್ದು 1973ರಲ್ಲಿ, 2033 ಮುಗಿಯುವವರೆಗೆ ಕಾಯಬೇಕು. ಗಾಬ್ಲಿನ್ನಿನ ಅಂಕಿಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಮೂಲ ಹೇಳಿ ಬಳಸಬಹುದು.

ಮೊರ್ಲಾಕ್ ಅಂದ ಕೂಡಲೇ ಪುಸ್ತಕ ಓದಿದವನು ಎಲ್ಲರಿಗೂ ಗುಟ್ಟು ಒದರಿಬಿಡುತ್ತಾನೆ. ಅದಕ್ಕೆ ಊರಿನವರ ಬಾಯಲ್ಲಿ ಬೇರೆ ಹೆಸರು ಬರಲಿ. ‘ಮಾಟೆಯವು’ (ಮಾಟೆ ಅಂದರೆ ಬಿಲ) ಅಂದರೆ ಸಾಕು, ಕೇಳಿದರೇ ಗೊತ್ತಾಗುತ್ತದೆ ಎಲ್ಲಿಂದ ಬರುತ್ತವೆ ಅಂತ. ಕಾಸರಗೋಡಿನ ಗುಂಪಿನಲ್ಲಿ ಹೆಸರಿಗೆ ಇನ್ನೊಂದು ತೊಡಕೂ ಉಂಟು. ‘ಯಕ್ಷಿ’ ಅನ್ನಿ, ಮಲಯಾಳದ ಹುಡುಗನಿಗೆ ಪಾಲೆಮರದಡಿ ಸುಣ್ಣ ಕೇಳುವ ಬಿಳಿ ಸೀರೆಯವಳು ಕಾಣುತ್ತಾಳೆ, ಜೈನರ ಮನೆಯವನಿಗೆ ಪದ್ಮಾವತಿ, ಇನ್ನೊಬ್ಬನಿಗೆ ಯಕ್ಷಗಾನದ ವೇಷ. ಮೂವರೂ ಮೂರು ಬೇರೆ ಜೀವಿಗಳ ಜೊತೆ ಕಾದಾಡುತ್ತಿರುತ್ತಾರೆ. ಮತ್ತೆ, ದೈವಗಳನ್ನು ಇದಕ್ಕೆ ಎಳೆಯಬೇಡಿ. ಗುಳಿಗನಿಗೆ ಎಚ್‌ಪಿ 85 ಅಂತ ಬರೆದ ಹಾಳೆಯನ್ನು ಯಾರ ಅಜ್ಜಿಯಾದರೂ ನೋಡಿದರೆ ಆ ವಾರದ ಆಟ ಅಲ್ಲಿಗೆ ನಿಂತಂತೆ.

ಮಾಟೆಯವು ಕೊನೆ ಉಸಿರಿನವರೆಗೆ ಕಾದಾಡಬಾರದು. ಆರರಲ್ಲಿ ಮೂರು ಬಿದ್ದರೆ ಉಳಿದವು ಗಾಳಿಗಂಡಿ ಹತ್ತಿ ಮಾಯ. ಗೆದ್ದೆವು ಅಂತ ಇವರು ಬೀಗುವಾಗ ಉಳಿದ ಸೂಟೆ ಎಷ್ಟು ಅಂತ ಗಟ್ಟಿಯಾಗಿ ಓದಿಹೇಳಿ, ಆಮೇಲೆ ದಾರಿ ಇನ್ನೆಷ್ಟು ನಿಮಿಷ ಇದೆ ಅಂತ ಅವರೇ ಕೇಳುತ್ತಾರೆ.